ಸಾವಿರದ ನೋಟಿನ ಮೇಲೊಂದು ಕೆಂಪು ಮುದ್ರೆ

ಜರ್ಮನಿಯಲ್ಲಿ ಕೆಲಸಕ್ಕಿರುವ ಗೆಳೆಯ ಹೋದ ತಿಂಗಳು ಊರಿಗೆ ಬಂದಿದ್ದ. ಬರುವಾಗ ಎಲ್ಲರಿಗೂ ಚಾಕೊಲೇಟು, ನನಗೆ ಮಾತ್ರ ಒಂದು ಹಳೇ ನೋಟು. ಬರ್ಲಿನ್ನಿನಲ್ಲಿ ಭಾನುವಾರ ಸೇರುವ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತಂತೆ. "ನಿಂಗೆ ಹಳೇ ಕಾಗದ ಅಂದ್ರೆ ಪ್ರಾಣ ಅಲ್ವಾ, ತಗೋ, ನೂರು ಕೋಟಿ!" ಅಂತ ಕೈಗಿಟ್ಟು ನಕ್ಕ. ಎಷ್ಟು ಕೊಟ್ಟೆಯೋ ಅಂದರೆ, "ಎರಡು ಕಾಫಿ ದುಡ್ಡು" ಅಂದ.

ಅದು ಸಾವಿರ ಮಾರ್ಕಿನ ನೋಟು. ಮೇಲೆ ತಾರೀಖು 15 ಡಿಸೆಂಬರ್ 1922. ಆದರೆ ನೋಟಿನ ಮೇಲೆ ಅಡ್ಡಡ್ಡಲಾಗಿ, ದಪ್ಪ ಕೆಂಪು ಅಕ್ಷರಗಳಲ್ಲಿ ಇನ್ನೊಂದು ಮುದ್ರೆ: 'ಐನೆ ಮಿಲಿಯಾರ್ಡೆ ಮಾರ್ಕ್'. ಅಂದರೆ ನೂರು ಕೋಟಿ ಮಾರ್ಕ್. ನಮ್ಮ ಬಸ್ ಕಂಡಕ್ಟರು ಹಳೇ ಟಿಕೆಟ್ಟಿನ ಮೇಲೆ ಹೊಸ ದರದ ಸೀಲು ಒತ್ತಿ ಕೊಡುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ದರ ಹೆಚ್ಚಿದ್ದು ಹತ್ತು ಲಕ್ಷ ಪಟ್ಟು. ನೋಟಿನ ತಾರೀಖಿಗೂ ಆ ಕೆಂಪು ಮುದ್ರೆಗೂ ನಡುವೆ ಇದ್ದದ್ದು ಹೆಚ್ಚೆಂದರೆ ಒಂಬತ್ತು ತಿಂಗಳು. 1923ರ ಸೆಪ್ಟೆಂಬರಿನಲ್ಲಿ ಈ ಸೀಲು ಒತ್ತಿದ ನೋಟುಗಳು ಹೊರಬಂದವು.

ಆ ನೋಟನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು ಒಂದು ವಾರ ಓದಿದೆ. ಜರ್ಮನಿಯ ಆ ಹುಚ್ಚು ವರ್ಷದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಒಂದು ಪ್ಯಾರಾ ಓದಿದ್ದೇವೆ. ತಳ್ಳುಗಾಡಿಯಲ್ಲಿ ನೋಟು ತುಂಬಿಕೊಂಡು ಹೋಗಿ ಒಂದು ಬ್ರೆಡ್ ತರುವ ಜನ, ನೋಟಿನ ಕಟ್ಟುಗಳಲ್ಲಿ ಗೋಪುರ ಕಟ್ಟಿ ಆಡುವ ಮಕ್ಕಳು... ಈ ಚಿತ್ರಗಳನ್ನು ನೋಡಿ 'ಅಯ್ಯೋ, ಎಂಥಾ ದಡ್ಡ ಸರ್ಕಾರವಪ್ಪಾ' ಅನ್ನಿಸಿ ಮರೆತುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಇದು ದಡ್ಡತನದ ಕಥೆಯಲ್ಲ, ಮಾತು ತಪ್ಪಿದ ಕಥೆ ಅನ್ನಿಸತೊಡಗಿತು. ಯಾರಿಗೆ ಕೊಟ್ಟ ಮಾತು, ಅದು ಹೇಗೆ ತಪ್ಪಿತು, ತಪ್ಪಿದ್ದರಿಂದ ಯಾರಿಗೆ ಲಾಭವಾಯಿತು ಅನ್ನುವುದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

*

ಚಿನ್ನ ಕೊಟ್ಟು ಕಬ್ಬಿಣ ತಂದವರು

ಕಥೆ 1923ರಲ್ಲಿ ಶುರುವಾಗುವುದಿಲ್ಲ, 1914ರಲ್ಲಿ ಶುರುವಾಗುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕ್. ನೋಟನ್ನು ತೆಗೆದುಕೊಂಡು ಬ್ಯಾಂಕಿಗೆ ಹೋದರೆ ಅದರ ಬೆಲೆಯ ಚಿನ್ನ ಕೊಡುತ್ತಿದ್ದರು. ಯುದ್ಧ ಶುರುವಾದ ಕೂಡಲೇ, 1914ರ ಆಗಸ್ಟಿನಲ್ಲಿ, ಚಿನ್ನ ಕೊಡುವುದನ್ನು ನಿಲ್ಲಿಸಿದರು. ಯುದ್ಧ ಮುಗಿಯುವ ತನಕ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದರು.

ಯುದ್ಧಕ್ಕೆ ದುಡ್ಡು ಬೇಕಲ್ಲ? ತೆರಿಗೆ ಹೆಚ್ಚಿಸಿದರೆ ಜನ ಬೈಯುತ್ತಾರೆ. ಅದಕ್ಕೆ ಸರ್ಕಾರ ಹೆಚ್ಚಿನಂಶ ಸಾಲದ ದಾರಿ ಹಿಡಿಯಿತು. ಒಂಬತ್ತು ಸಲ ಯುದ್ಧದ ಬಾಂಡುಗಳನ್ನು ಮಾರಿತು, ಬಡ್ಡಿ ನೂರಕ್ಕೆ ಐದು. ಮೇಷ್ಟರು, ಡಾಕ್ಟರು, ಅಂಗಡಿಯವರು, ವಿಧವೆಯರು, ಪಿಂಚಣಿದಾರರು ಎಲ್ಲರೂ ಕೊಂಡರು. ದೇಶಭಕ್ತಿಯೂ ಆಯಿತು, ದುಡ್ಡೂ ಭದ್ರ! ಒಟ್ಟು ಸುಮಾರು 9,800 ಕೋಟಿ ಮಾರ್ಕ್ ಹೀಗೆ ಸೇರಿತು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟೇ ಅಲ್ಲ. ಮನೆಯಲ್ಲಿರುವ ಒಡವೆಯನ್ನೂ ದೇಶಕ್ಕೆ ಕೊಡಿ ಅಂತ ಕರೆ ಕೊಟ್ಟರು. 1916ರಲ್ಲಿ ಚಿನ್ನ ತಂದುಕೊಟ್ಟವರಿಗೆ ಕಬ್ಬಿಣದ ಪದಕವೊಂದನ್ನು ಕೊಡುತ್ತಿದ್ದರು. ಚಿನ್ನದ ಗಡಿಯಾರದ ಸರ ಕೊಟ್ಟವರು ಕಬ್ಬಿಣದ ಸರ ಹಾಕಿಕೊಂಡು ಹೆಮ್ಮೆಯಿಂದ ಓಡಾಡುತ್ತಿದ್ದರಂತೆ. ನಮ್ಮ ಹೆಂಗಸರ ಬಳೆ, ಮಾಂಗಲ್ಯ ನೆನಪಾಗಿ ಇದನ್ನು ಓದುವಾಗ ಒಂಥರಾ ಆಯಿತು.

ಸರ್ಕಾರದ ಲೆಕ್ಕಾಚಾರ ಏನಿತ್ತು ಅಂದರೆ, ಯುದ್ಧ ಗೆಲ್ಲುತ್ತೇವೆ, ಸೋತವರ ಹತ್ತಿರ ವಸೂಲಿ ಮಾಡಿ ನಮ್ಮ ಜನರ ಸಾಲ ತೀರಿಸುತ್ತೇವೆ. ಇದನ್ನು ಹಣಕಾಸಿನ ಜವಾಬ್ದಾರಿ ಹೊತ್ತಿದ್ದ ಕಾರ್ಲ್ ಹೆಲ್ಫರಿಶ್ ಎಂಬಾತ ಪಾರ್ಲಿಮೆಂಟಿನಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದ. ಆದರೆ 1918ರಲ್ಲಿ ಸೋತವರು ಅವರೇ. ಅಷ್ಟು ಹೊತ್ತಿಗೆ ಬೆಲೆಗಳು ಎರಡು ಪಟ್ಟು ದಾಟಿದ್ದವು.

*

ಸೇಬು ಕೊಳ್ಳಲಾಗದ ಮುದುಕ

ಯುದ್ಧ ಮುಗಿದ ಮೇಲೆ ಬಂದ ಹೊಸ ಗಣರಾಜ್ಯದ ತಲೆ ಮೇಲೆ ಎಲ್ಲವೂ ಒಟ್ಟಿಗೆ ಬಿತ್ತು. ಗಾಯಗೊಂಡ ಸೈನಿಕರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಪಿಂಚಣಿ, ಹಳೇ ಸಾಲಕ್ಕೆ ಬಡ್ಡಿ, ಜೊತೆಗೆ ಗೆದ್ದವರಿಗೆ ಕೊಡಬೇಕಾದ ಯುದ್ಧ ಪರಿಹಾರ. 1921ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಬಂದ ಬಿಲ್ಲು 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ ನಿಜವಾಗಿ ವಸೂಲಿ ಮಾಡುವ ಉದ್ದೇಶವಿದ್ದದ್ದು ಸುಮಾರು 5,000 ಕೋಟಿ, ಉಳಿದದ್ದು ಗೆದ್ದ ದೇಶಗಳ ಜನರನ್ನು ಸಮಾಧಾನಪಡಿಸಲು ಬರೆದ ಸಂಖ್ಯೆ ಅಂತ ಇತಿಹಾಸಕಾರರು ಹೇಳುತ್ತಾರೆ. ಏನೇ ಆಗಲಿ, ಅದನ್ನು ಚಿನ್ನದಲ್ಲೋ ವಿದೇಶಿ ನಾಣ್ಯದಲ್ಲೋ ಕೊಡಬೇಕಿತ್ತು, ಕಾಗದದ ಮಾರ್ಕಿನಲ್ಲಲ್ಲ.

ಪರಿಹಾರದಿಂದಲೇ ಎಲ್ಲ ಹಾಳಾಯಿತು ಅಂತ ಜರ್ಮನ್ನರು ಆಗ ನಂಬಿದ್ದರು, ಈಗಲೂ ಹಲವರು ನಂಬುತ್ತಾರೆ. ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಸಾಕಷ್ಟು ತೆರಿಗೆ ಹಾಕುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ಹಾಕಲು ಹೊರಟ ಹಣಕಾಸು ಮಂತ್ರಿ ಎರ್ಜ್‌ಬರ್ಗರನನ್ನು 1921ರ ಆಗಸ್ಟಿನಲ್ಲಿ ಬಲಪಂಥೀಯ ಹಂತಕರು ಗುಂಡಿಕ್ಕಿ ಕೊಂದರು. ಕದನವಿರಾಮಕ್ಕೆ ಸಹಿ ಹಾಕಿದ್ದು ಆತನ ಇನ್ನೊಂದು 'ಅಪರಾಧ'. 1922ರ ಜೂನ್ 24ರಂದು ವಿದೇಶಾಂಗ ಮಂತ್ರಿ ವಾಲ್ಟರ್ ರಾಥೆನೌನ ಕೊಲೆಯಾಯಿತು. ಅಲ್ಲಿಂದ ಮುಂದೆ ಮಾರ್ಕಿನ ಮೇಲೆ ಹೊರಗಿನವರಿಗೆ ಇದ್ದ ನಂಬಿಕೆಯೂ ಹೋಯಿತು. ಆ ವರ್ಷದ ಜನವರಿಯಲ್ಲಿ ಡಾಲರಿಗೆ 190ರ ಆಸುಪಾಸಿದ್ದ ಮಾರ್ಕ್ ಡಿಸೆಂಬರಿನಲ್ಲಿ 7,500 ದಾಟಿತ್ತು.

ಆ 1922ರಲ್ಲಿ ಒಬ್ಬ ಹುಡುಗ ಪತ್ರಕರ್ತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪಟ್ಟಣದಿಂದ ನದಿ ದಾಟಿ ಜರ್ಮನಿಯ ಕೇಲ್ ಎಂಬ ಊರಿಗೆ ಹೋದ. ಹೆಸರು ಅರ್ನೆಸ್ಟ್ ಹೆಮಿಂಗ್ವೆ. ಕೆನಡಾದ ಪತ್ರಿಕೆಯೊಂದಕ್ಕೆ ವರದಿ ಬರೆಯುತ್ತಿದ್ದ. ಹತ್ತು ಫ್ರಾಂಕ್ ಕೊಟ್ಟು 670 ಮಾರ್ಕ್ ತೆಗೆದುಕೊಂಡ. ಅಂದರೆ ಕೆನಡಾದ ಲೆಕ್ಕದಲ್ಲಿ ತೊಂಬತ್ತು ಸೆಂಟ್. ಗಂಡ ಹೆಂಡತಿ ಇಬ್ಬರೂ ಇಡೀ ದಿನ ಧಾರಾಳವಾಗಿ ಖರ್ಚು ಮಾಡಿದರೂ ಸಂಜೆಗೆ 120 ಮಾರ್ಕ್ ಉಳಿದಿತ್ತಂತೆ.

ಅದಲ್ಲ ಮುಖ್ಯ. ಹಣ್ಣಿನ ಅಂಗಡಿಯಲ್ಲಿ ಅವರು ಐದು ಸೇಬು ಕೊಂಡರು, ಹನ್ನೆರಡು ಮಾರ್ಕ್. ಅಂದಿನ ದರದಲ್ಲಿ ಎರಡು ಸೆಂಟಿಗೂ ಕಡಿಮೆ. ಪಕ್ಕದಲ್ಲಿದ್ದ ಬಿಳಿ ಗಡ್ಡದ, ನೋಡಲು ಗೌರವಸ್ಥನಂತಿದ್ದ ಮುದುಕರೊಬ್ಬರು ಟೋಪಿ ಎತ್ತಿ ನಮಸ್ಕರಿಸಿ, ಸೇಬಿಗೆ ಎಷ್ಟಾಯಿತು ಅಂತ ಕೇಳಿದರು. ಹೇಳಿದ್ದಕ್ಕೆ ನಕ್ಕು, ತಲೆಯಾಡಿಸಿ, ಅಷ್ಟು ಕೊಡುವುದು ನನ್ನಿಂದಾಗದು ಅಂದು ಹೊರಟುಹೋದರು. ಯುದ್ಧಕ್ಕೆ ಮುಂಚಿನ ಅಥವಾ ಯುದ್ಧಕಾಲದ ಬಾಂಡುಗಳಲ್ಲಿ ಜೀವಮಾನದ ಉಳಿತಾಯವನ್ನು ಇಟ್ಟವರಿರಬೇಕು ಅಂತ ಹೆಮಿಂಗ್ವೆ ಊಹಿಸುತ್ತಾನೆ.

ಗಮನಿಸಿ, ಇದು 1922. ಕೋಟಿಗಳ ಹುಚ್ಚು ಇನ್ನೂ ಶುರುವೇ ಆಗಿರಲಿಲ್ಲ. ಆ ಮುದುಕರ ಪಾಲಿಗೆ ಆಗಲೇ ಎಲ್ಲ ಮುಗಿದಿತ್ತು.

*

ಸೊನ್ನೆಗಳ ವರ್ಷ

1923ರ ಜನವರಿ 11. ಪರಿಹಾರದ ಬಾಬ್ತು ಕೊಡಬೇಕಿದ್ದ ಮರ, ಕಲ್ಲಿದ್ದಲು ಸರಿಯಾಗಿ ಬರಲಿಲ್ಲ ಅಂತ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ಜರ್ಮನಿಯ ರೂರ್ ಕಣಿವೆಗೆ ನುಗ್ಗಿತು. ಗಣಿ, ಉಕ್ಕಿನ ಕಾರ್ಖಾನೆಗಳೆಲ್ಲ ಇದ್ದ ಜಾಗ ಅದು. ಎದುರಿಸಲು ಜರ್ಮನಿಯ ಹತ್ತಿರ ಸೈನ್ಯವಿಲ್ಲ. ಹಾಗಾಗಿ ಅಸಹಕಾರ ಹೂಡಿದರು. ಹೌದು, ನಮ್ಮ ಗಾಂಧೀಜಿಯ ಚಳವಳಿ ಆಗಷ್ಟೇ ನಡೆದು ನಿಂತಿದ್ದ ಕಾಲದಲ್ಲೇ! ಕಾರ್ಮಿಕರು ಕೆಲಸ ನಿಲ್ಲಿಸಿದರು, ಅವರ ಸಂಬಳವನ್ನು ಸರ್ಕಾರ ಕೊಡತೊಡಗಿತು. ಎಲ್ಲಿಂದ ತಂದು? ಅಚ್ಚಿನ ಮನೆಯಿಂದ.

ಒಂದು ಡಾಲರಿಗೆ ಸರಾಸರಿ ಎಷ್ಟು ಮಾರ್ಕ್ ಅನ್ನುವ ಪಟ್ಟಿ ನೋಡಿ:

ಜುಲೈ 1914 - 4.2
ಜನವರಿ 1920 - 65
ಜನವರಿ 1922 - 190
ಜನವರಿ 1923 - 18 ಸಾವಿರ
ಜುಲೈ 1923 - 3.5 ಲಕ್ಷ
ಆಗಸ್ಟ್ 1923 - 46 ಲಕ್ಷ
ಸೆಪ್ಟೆಂಬರ್ 1923 - 9.9 ಕೋಟಿ
ಅಕ್ಟೋಬರ್ 1923 - 2,500 ಕೋಟಿ
20 ನವೆಂಬರ್ 1923 - 4.2 ಲಕ್ಷ ಕೋಟಿ

ಮೊದಲನೇ ಸಾಲನ್ನೂ ಕೊನೇ ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅದೇ 4.2, ಹಿಂದೆ ಹನ್ನೆರಡು ಸೊನ್ನೆಗಳ ಅಂತರ. ಇದು ಕಾಕತಾಳೀಯವಲ್ಲ, ಲೆಕ್ಕ ಸುಲಭವಾಗಲಿ ಅಂತ ಬೇಕೆಂದೇ ಅಲ್ಲಿಗೆ ನಿಲ್ಲಿಸಿದ್ದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

1923ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ 250 ಮಾರ್ಕ್ ಇದ್ದ ಒಂದು ಬ್ರೆಡ್ಡಿಗೆ ನವೆಂಬರಿನಲ್ಲಿ ಇಪ್ಪತ್ತು ಸಾವಿರ ಕೋಟಿ. ಅಂಚೆ ಇಲಾಖೆ 5,000 ಕೋಟಿ ಮಾರ್ಕಿನ ಸ್ಟಾಂಪನ್ನೇ ಅಚ್ಚು ಹಾಕಿತು. ಸಂಬಳವನ್ನು ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ, ಕೊನೆಗೆ ಕೆಲವು ಕಡೆ ದಿನಕ್ಕೆ ಎರಡು ಸಲ ಬಟವಾಡೆ ಮಾಡುತ್ತಿದ್ದರು. ಹೆಂಡತಿ ಕಾರ್ಖಾನೆಯ ಗೇಟಿನಲ್ಲಿ ಚೀಲ ಹಿಡಿದು ಕಾದಿರುತ್ತಿದ್ದಳು. ದುಡ್ಡು ಕೈಗೆ ಬಂದ ತಕ್ಷಣ ಅಂಗಡಿಗೆ ಓಟ, ಮಧ್ಯಾಹ್ನ ಡಾಲರಿನ ಹೊಸ ದರ ಬರುವುದರೊಳಗೆ ಏನಾದರೂ ಕೊಂಡುಬಿಡಬೇಕು. ಏನು ಸಿಕ್ಕರೂ ಸರಿ. ಬೇಕಾದದ್ದು ಸಿಗದಿದ್ದರೆ ಬೇಡದ್ದನ್ನಾದರೂ. ವೈದ್ಯರು ಫೀಸಿನ ಬದಲು ಮೊಟ್ಟೆ, ಆಲೂಗಡ್ಡೆ ಇಸಿದುಕೊಳ್ಳುತ್ತಿದ್ದರು. ಹಳ್ಳಿಯ ರೈತರು ಕಾಗದಕ್ಕೆ ಕಾಳು ಕೊಡುವುದಿಲ್ಲ ಅಂದುಬಿಟ್ಟರು, ಒಳ್ಳೆಯ ಫಸಲು ಬಂದ ವರ್ಷವೇ ಪಟ್ಟಣಗಳಲ್ಲಿ ಹಸಿವು.

ಒಂದು ಕಥೆ ತುಂಬಾ ಕಡೆ ಸಿಗುತ್ತದೆ: ಯಾರೋ ಬುಟ್ಟಿ ತುಂಬಾ ನೋಟು ಹೊತ್ತು ಬಂದು ಅಂಗಡಿಯ ಹೊರಗಿಟ್ಟು ಒಳಗೆ ಹೋದರಂತೆ. ತಿರುಗಿ ಬಂದಾಗ ನೋಟುಗಳು ನೆಲದ ಮೇಲೆ ಸುರಿದಿದ್ದವು, ಬುಟ್ಟಿ ಕಳುವಾಗಿತ್ತು. ನಡೆದದ್ದೋ ಕಟ್ಟಿದ್ದೋ ಏನೇ ಇರಲಿ, ಆ ಕಾಲ ಹೇಗಿತ್ತು ಅನ್ನುವುದಕ್ಕೆ ಇದೊಂದೇ ಸಾಕು.

*

ನೋಟು ಸಾಲುತ್ತಿಲ್ಲ!

ಇಷ್ಟೆಲ್ಲ ನಡೆಯುವಾಗ ಅವರ ರಿಸರ್ವ್ ಬ್ಯಾಂಕು, ಅಂದರೆ ರೈಶ್‌ಬ್ಯಾಂಕ್, ಏನು ಮಾಡುತ್ತಿತ್ತು? ಅದರ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್. 1908ರಿಂದ ಆ ಕುರ್ಚಿಯಲ್ಲಿದ್ದ. ನಿಷ್ಠಾವಂತ, ಕೈ ಶುದ್ಧವಿದ್ದ ಹಳೇ ಕಾಲದ ಅಧಿಕಾರಿ. ಕಳ್ಳನಾಗಿದ್ದರೆ ಅರ್ಥ ಮಾಡಿಕೊಳ್ಳುವುದು ಸುಲಭವಿತ್ತು. ಈತ ಪ್ರಾಮಾಣಿಕವಾಗಿ ದುಡಿಯುತ್ತಲೇ ನೋಟನ್ನು ಮುಳುಗಿಸಿದ.

1923ರ ಆಗಸ್ಟಿನಲ್ಲಿ ಆತ ಮಾಡಿದ ಒಂದು ಭಾಷಣ ಪ್ರಸಿದ್ಧ. ಈಗ ದಿನಕ್ಕೆ 20 ಲಕ್ಷ ಕೋಟಿ ಮಾರ್ಕ್ ಅಚ್ಚಾಗುತ್ತಿದೆ, ಮುಂದಿನ ವಾರ 46 ಲಕ್ಷ ಕೋಟಿಗೆ ಏರಿಸುತ್ತೇವೆ, ಚಲಾವಣೆಯಲ್ಲಿರುವುದು ಒಟ್ಟು 63 ಲಕ್ಷ ಕೋಟಿ, ಹಾಗಾಗಿ ಇನ್ನು ಕೆಲವೇ ದಿನಗಳಲ್ಲಿ ಇರುವ ನೋಟಿನ ಮೂರನೇ ಎರಡು ಭಾಗದಷ್ಟನ್ನು ಒಂದೇ ದಿನದಲ್ಲಿ ಹೊರತರಬಲ್ಲೆವು ಅಂತ ಆತ ವರದಿ ಒಪ್ಪಿಸಿದ. ತಪ್ಪೊಪ್ಪಿಗೆ ಅಲ್ಲ ಇದು, ಸಾಧನೆಯ ವರದಿ! ಸರ್ಕಾರಿ ಅಚ್ಚುಕೂಟ ಸಾಲದೆ ನೂರಕ್ಕೂ ಹೆಚ್ಚು ಖಾಸಗಿ ಪ್ರೆಸ್ಸುಗಳು ರಾತ್ರಿ ಹಗಲು ನೋಟು ಹೊಡೆಯುತ್ತಿದ್ದವು. ಎಷ್ಟೋ ನೋಟುಗಳಿಗೆ ಒಂದೇ ಬದಿ ಅಚ್ಚು. ಹಿಂದಿನ ಬದಿಗೆ ಯಾರಿಗಿದೆ ಪುರುಸೊತ್ತು?

ಆತನ ತರ್ಕ ಹೀಗಿತ್ತು: ಪರಿಹಾರ ಕೊಡಬೇಕಾಗಿರುವುದರಿಂದ ಮಾರ್ಕಿನ ದರ ಬೀಳುತ್ತಿದೆ. ದರ ಬಿದ್ದದ್ದರಿಂದ ಬೆಲೆ ಏರುತ್ತಿದೆ. ಬೆಲೆ ಏರಿದ್ದರಿಂದ ಜನರಿಗೆ ಹೆಚ್ಚು ನೋಟು ಬೇಕು. ನಾನು ಕೊಡದಿದ್ದರೆ ಸಂಬಳವಿಲ್ಲ, ವ್ಯಾಪಾರವಿಲ್ಲ. ಹೀಗೆ ನೋಟು ಅಚ್ಚು ಹಾಕುವುದು ಆತನಿಗೆ ಕಾರಣವಾಗಿ ಕಾಣಲೇ ಇಲ್ಲ, ಪರಿಣಾಮವಾಗಿ ಕಂಡಿತು.

ವಿಚಿತ್ರವೆಂದರೆ, ನೋಟಿನ ಕೊರತೆ ನಿಜವಾಗಿಯೂ ಇತ್ತು! ಇದು ನನಗೆ ಮೊದಲು ತಲೆಗೆ ಹೋಗಲಿಲ್ಲ. ನಾಳೆ ಬೆಲೆ ಕಳೆದುಕೊಳ್ಳುವ ಕಾಗದ ಕೈಯಲ್ಲಿದ್ದರೆ ನಾವೇನು ಮಾಡುತ್ತೇವೆ? ಕೆಂಡ ಹಿಡಿದವರ ಹಾಗೆ ಪಕ್ಕದವರಿಗೆ ದಾಟಿಸುತ್ತೇವೆ. ಅವರು ಇನ್ನೊಬ್ಬರಿಗೆ. ಎಲ್ಲರೂ ಹೀಗೆ ಓಡಿಸತೊಡಗಿದಾಗ ಬೆಲೆಗಳು ಅಚ್ಚಿನ ಯಂತ್ರಕ್ಕಿಂತ ವೇಗವಾಗಿ ಏರುತ್ತವೆ. ಆಗ ಇರುವ ಅಷ್ಟೂ ನೋಟನ್ನು ಗುಡ್ಡೆ ಹಾಕಿದರೂ ಅದರಿಂದ ಕೊಳ್ಳಬಹುದಾದ ಸಾಮಾನು ಮೊದಲಿಗಿಂತ ಕಡಿಮೆಯೇ. ನೋಟು ಹೆಚ್ಚಾದಷ್ಟೂ ದುಡ್ಡು ಕಡಿಮೆ. ಆ ಕೊರತೆ ತುಂಬಲು ನಗರಸಭೆಗಳು, ರೈಲ್ವೆ, ಕಾರ್ಖಾನೆಗಳು ತಮ್ಮದೇ 'ತುರ್ತು ನೋಟು' ಅಚ್ಚು ಹಾಕಿಕೊಂಡವು.

ತೆರಿಗೆಯದ್ದೂ ಇದೇ ಪಾಡು. ಈ ತಿಂಗಳ ವ್ಯಾಪಾರದ ತೆರಿಗೆಯನ್ನು ಎರಡು ತಿಂಗಳು ಬಿಟ್ಟು ಕಟ್ಟಿದರೆ ಖಜಾನೆಗೆ ಸೇರುವುದು ರದ್ದಿ. ತೆರಿಗೆ ಬರದಿದ್ದರೆ ಮತ್ತಷ್ಟು ಅಚ್ಚು. ಬಾವಿ ತೋಡಿದ ಮಣ್ಣನ್ನು ಅದೇ ಬಾವಿಗೆ ತುಂಬುವ ಕೆಲಸ.

*

ಮಾರ್ಕ್ ಅಂದರೆ ಮಾರ್ಕ್

ಈಗ ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ. ದುಡ್ಡು ಬೆಲೆ ಕಳೆದುಕೊಂಡಾಗ ಅದು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.

ಉದಾಹರಣೆಗೆ, ಒಬ್ಬ ವಿಧವೆ 1913ರಲ್ಲಿ ಒಬ್ಬ ರೈತನ ಜಮೀನಿನ ಅಡಮಾನದ ಮೇಲೆ 10,000 ಮಾರ್ಕ್ ಸಾಲ ಕೊಟ್ಟಿದ್ದಾಳೆ ಅಂದುಕೊಳ್ಳಿ. ಆಗ ಅದು ಸುಮಾರು 2,380 ಡಾಲರ್, ಒಂದು ಮನೆತನದ ಆಸ್ತಿ. 1923ರ ಜುಲೈನಲ್ಲಿ ಆ ರೈತ ಬಂದು 10,000 ಮಾರ್ಕ್ ಎಣಿಸಿಕೊಟ್ಟು, "ತಗೊಳ್ಳಿ ಅಮ್ಮಾ, ಸಾಲ ತೀರಿತು, ಪತ್ರ ಹರಿದುಹಾಕಿ" ಅನ್ನುತ್ತಾನೆ. ಆ ದಿನದ ಲೆಕ್ಕದಲ್ಲಿ ಅದು ಮೂರು ಸೆಂಟಿಗೂ ಕಡಿಮೆ. ಆಕೆ ಕೋರ್ಟಿಗೆ ಹೋದರೆ? 'ಮಾರ್ಕ್ ಅಂದರೆ ಮಾರ್ಕ್' ಅನ್ನುವುದು ಕಾನೂನು. 1913ರ ಮಾರ್ಕೂ ಒಂದೇ, 1923ರ ಮಾರ್ಕೂ ಒಂದೇ. ಸಾಲ ತೀರಿತು.

ಸಾಲಗಾರರೆಲ್ಲ ಗೆದ್ದರು. ಹ್ಯೂಗೋ ಸ್ಟಿನ್ನೆಸ್ ಎಂಬ ಉದ್ಯಮಿ ಸಾಲದ ದುಡ್ಡಿನಲ್ಲಿ ಗಣಿ, ಹಡಗು, ಹೋಟೆಲು, ಪತ್ರಿಕೆಗಳನ್ನು ಕೊಳ್ಳುತ್ತಾ ಹೋದ, ಸಾಲವನ್ನು ರದ್ದಿಯಲ್ಲಿ ತೀರಿಸುತ್ತಾ ಹೋದ. 'ಹಣದುಬ್ಬರದ ರಾಜ' ಅಂತಲೇ ಅವನಿಗೆ ಹೆಸರು ಬಿತ್ತು.

ಆದರೆ ದೇಶದಲ್ಲೇ ಅತಿ ದೊಡ್ಡ ಸಾಲಗಾರ ಸ್ಟಿನ್ನೆಸ್ ಅಲ್ಲ, ಸರ್ಕಾರ. ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಯುದ್ಧದ ಬಾಂಡಿನ 9,800 ಕೋಟಿ ಮಾರ್ಕ್? 1923ರ ನವೆಂಬರಿನಲ್ಲಿ ಒಂದು ಲಕ್ಷ ಕೋಟಿ ಕಾಗದದ ಮಾರ್ಕಿಗೆ ಒಂದು ಹೊಸ ಮಾರ್ಕ್ ಅಂತ ನಿಗದಿಯಾಯಿತು. ಹಾಗಾದರೆ 9,800 ಕೋಟಿಗೆ ಎಷ್ಟು? ಹತ್ತು ಫೆನಿಗಿಗೂ ಕಡಿಮೆ. ನೂರು ಫೆನಿಗಿಗೆ ಒಂದು ಮಾರ್ಕ್. ನಾಲ್ಕು ವರ್ಷದ ಮಹಾಯುದ್ಧಕ್ಕೆ ಒಂದು ಇಡೀ ದೇಶದ ಜನ ಕೊಟ್ಟ ಸಾಲವನ್ನು, ಆ ಲೆಕ್ಕದಲ್ಲಿ, ಹತ್ತು ಪೈಸೆಯ ಒಂದು ಬಿಲ್ಲೆಯಲ್ಲಿ ತೀರಿಸಬಹುದಿತ್ತು! ನಾನು ಇದನ್ನು ಮೂರು ಸಲ ಲೆಕ್ಕ ಹಾಕಿ ನೋಡಿದೆ. ನೀವೂ ಒಮ್ಮೆ ಹಾಕಿ ನೋಡಿಬಿಡಿ.

ಸರ್ಕಾರ ಬೇಕೆಂದೇ ಹೀಗೆ ಮಾಡಿತು ಅಂತ ನಾನು ಹೇಳುತ್ತಿಲ್ಲ. ಯಾರೂ ಕೂತು ಸಂಚು ಮಾಡಬೇಕಾಗಿರಲಿಲ್ಲ, ಅದೇ ಇದರಲ್ಲಿರುವ ಭಯಂಕರ ಸಂಗತಿ. 'ನಿಮ್ಮ ಸಾಲ ತೀರಿಸುವುದಿಲ್ಲ' ಅಂತ ಬಾಯಿಬಿಟ್ಟು ಹೇಳಿದ್ದರೆ ಜನ ಬೀದಿಗಿಳಿಯುತ್ತಿದ್ದರು. ಇಲ್ಲಿ ಒಂದು ರೂಪಾಯಿಯನ್ನೂ ಯಾರ ಮನೆಯಿಂದಲೂ ಜಪ್ತಿ ಮಾಡಲಿಲ್ಲ. ಪಾಸ್‌ಬುಕ್ಕಿನಲ್ಲಿ ಸಂಖ್ಯೆ ಹಾಗೇ ಇತ್ತು. ಅರ್ಥ ಮಾತ್ರ ಹೋಗಿತ್ತು.

*

ಒಂದೇ ದಿನದಲ್ಲಿ ನಿಂತಿತು

1923ರ ಆಗಸ್ಟಿನಲ್ಲಿ ಚಾನ್ಸಲರ್ ಆದ ಗುಸ್ತಾವ್ ಸ್ಟ್ರೆಸೆಮಾನ್ ಸೆಪ್ಟೆಂಬರ್ 26ರಂದು ರೂರ್ ಅಸಹಕಾರವನ್ನು ನಿಲ್ಲಿಸಿದ. ಅಪಮಾನವೇ, ಆದರೆ ಬೇರೆ ದಾರಿಯಿರಲಿಲ್ಲ. ಹಣಕಾಸು ಮಂತ್ರಿ ಹಾನ್ಸ್ ಲೂಥರ್. ಹೊಸ ನಾಣ್ಯದ ಉಸ್ತುವಾರಿಗೆ ಯಾಲ್ಮರ್ ಷಾಖ್ಟ್ ಎಂಬ ಬ್ಯಾಂಕರನ್ನು ನೇಮಿಸಿದರು. ಕಸಗುಡಿಸುವವರು ಸಾಮಾನು ಇಡುತ್ತಿದ್ದ ಕತ್ತಲೆ ಕೋಣೆಯೊಂದರಲ್ಲಿ ಈತ ಕಚೇರಿ ಹೂಡಿದ. ಅಲ್ಲಿ ಏನು ಮಾಡುತ್ತಿದ್ದ ಅಂತ ಆಮೇಲೆ ಕೇಳಿದ್ದಕ್ಕೆ, ಸಿಗಾರು ಸೇದುತ್ತಾ ಫೋನಿನಲ್ಲಿ ಮಾತಾಡುತ್ತಿದ್ದರು ಅಷ್ಟೇ ಅಂತ ಅವನ ಕಾರ್ಯದರ್ಶಿ ಹೇಳಿದಳಂತೆ.

ನವೆಂಬರ್ 15ರಂದು ರೆಂಟೆನ್‌ಮಾರ್ಕ್ ಎಂಬ ಹೊಸ ನೋಟು ಬಂತು. ಚಿನ್ನವಂತೂ ಇರಲಿಲ್ಲ. ದೇಶದ ಜಮೀನು, ಕಾರ್ಖಾನೆಗಳ ಮೇಲೆ ಹಾಕಿದ ಅಡಮಾನವೇ ಇದರ ಆಧಾರ ಅಂತ ಘೋಷಿಸಿದರು. ಹಾಗಂತ ನೋಟು ತಗೊಂಡು ಹೋದರೆ ಯಾರೂ ಒಂದು ಗುಂಟೆ ಅಳೆದುಕೊಡುತ್ತಿರಲಿಲ್ಲ. ಒಂಥರಾ ಕಣ್ಕಟ್ಟು. ಆದರೂ ಜನ ತೆಗೆದುಕೊಂಡರು, ನೋಟು ನಿಂತಿತು.

ಯಾಕೆ? ಆಧಾರಕ್ಕಿಂತ ಮುಖ್ಯವಾದದ್ದು ಒಂದಿತ್ತು, ಮಿತಿ. ಎಷ್ಟು ನೋಟು ಹೊರಬರಬಹುದು ಅನ್ನುವುದಕ್ಕೆ ಕಟ್ಟುನಿಟ್ಟಿನ ಗಡಿ ಹಾಕಿದ್ದರು. ಸರ್ಕಾರಕ್ಕೆ ಕೊಡುವ ಸಾಲ 120 ಕೋಟಿ, ಅಲ್ಲಿಗೆ ಮುಗಿಯಿತು. ಅದೇ ದಿನದಿಂದ ರೈಶ್‌ಬ್ಯಾಂಕು ಸರ್ಕಾರದ ಹುಂಡಿಗಳಿಗೆ ನೋಟು ಕೊಡುವುದನ್ನು ನಿಲ್ಲಿಸಿತು. ಸರ್ಕಾರ ಮತ್ತೆ ಕೈಚಾಚಿದಾಗ ಇಲ್ಲ ಅಂದರು. ನಿಜವಾಗಿಯೂ ಇಲ್ಲ ಅಂದರು! ಇದರ ಬೆಲೆಯನ್ನೂ ಜನರೇ ತೆತ್ತರು. ಲಕ್ಷಗಟ್ಟಲೆ ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು, ತೆರಿಗೆ ಏರಿತು.

ನವೆಂಬರ್ 20ರಂದು ಡಾಲರಿನ ದರವನ್ನು 4.2 ಲಕ್ಷ ಕೋಟಿಗೆ ನಿಲ್ಲಿಸಿದರು. ಹನ್ನೆರಡು ಸೊನ್ನೆ ಅಳಿಸಿದರೆ ಯುದ್ಧಕ್ಕೆ ಮುಂಚಿನ 4.2. ಅದೇ ದಿನ ಹಾವೆನ್‌ಸ್ಟೈನ್ ತೀರಿಕೊಂಡ. ಕಾದಂಬರಿಯಲ್ಲಿ ಬರೆದಿದ್ದರೆ ನಾಟಕೀಯವಾಯಿತು ಅಂತ ಬೈಯುತ್ತಿದ್ದೆವು.

ಇಷ್ಟು ಸುಲಭವಾಗಿ ನಿಲ್ಲಿಸಬಹುದಾಗಿದ್ದರೆ ಒಂದು ವರ್ಷ ಮುಂಚೆ ಯಾಕೆ ನಿಲ್ಲಿಸಲಿಲ್ಲ? ನಿಲ್ಲಿಸಬೇಕಾದರೆ ಯಾರಾದರೂ ನಷ್ಟ ಹೊರಬೇಕು. ನಾನು ಹೊರುತ್ತೇನೆ ಅಂತ ಉದ್ಯಮಿಗಳು, ರೈತರು, ಕಾರ್ಮಿಕ ಸಂಘಗಳು, ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಆ ನಷ್ಟ ಸದ್ದಿಲ್ಲದೆ, ಮಾತೆತ್ತಲು ಸಂಘವಿಲ್ಲದವರ ಮೇಲೆ ಬಿತ್ತು. ಟೋಪಿ ಎತ್ತಿ ಸೇಬಿನ ಬೆಲೆ ಕೇಳುವಂಥವರ ಮೇಲೆ.

*

ನೂರಕ್ಕೆ ಎರಡೂವರೆ

ಎಂಟು ದಿನ ಬಿಟ್ಟು, ನವೆಂಬರ್ 28ರಂದು, ಜರ್ಮನಿಯ ಅತ್ಯುನ್ನತ ನ್ಯಾಯಾಲಯ 'ಮಾರ್ಕ್ ಅಂದರೆ ಮಾರ್ಕ್' ತತ್ವವನ್ನು ಮುರಿಯಿತು. ಅಡಮಾನದ ಸಾಲವನ್ನು ರದ್ದಿಯಲ್ಲಿ ತೀರಿಸುವುದು ಒಳ್ಳೆಯ ನಂಬಿಕೆಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸಾಲ ಕೊಟ್ಟು ಕೆಟ್ಟವರು ಉಸಿರಾಡಿದರು. ಕೊನೆಗೆ 1925ರ ಜುಲೈನಲ್ಲಿ ಕಾನೂನು ಬಂತು. ಅಡಮಾನ ಸಾಲಗಳಿಗೆ ಮೂಲ ಚಿನ್ನದ ಬೆಲೆಯ ನೂರಕ್ಕೆ 25 ಕೊಡಬೇಕು. ಸರಿ, ಸರ್ಕಾರದ ಬಾಂಡುಗಳಿಗೆ? ಮೊದಲಿಂದ ಬಾಂಡು ಇಟ್ಟುಕೊಂಡಿದ್ದವರಿಗೆ ಲಾಟರಿ ಎತ್ತಿ ಸ್ವಲ್ಪ ಹೆಚ್ಚು ಕೊಡುವ ಏರ್ಪಾಡಿತ್ತು, ಸಾಮಾನ್ಯ ದರ ಮಾತ್ರ ನೂರಕ್ಕೆ ಎರಡೂವರೆ. ಖಾಸಗಿಯವರು ಕಾಲು ಭಾಗ ಕೊಡಲಿ, ತಾನು ಮಾತ್ರ ನಲವತ್ತನೇ ಒಂದು ಭಾಗ ಕೊಡುತ್ತೇನೆ ಅಂದಿತು ಸರ್ಕಾರ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಈ ಹಣದುಬ್ಬರದಿಂದಲೇ ಹಿಟ್ಲರ್ ಬಂದ ಅಂತ. 1923ರ ನವೆಂಬರ್ 8-9ರಂದು ಮ್ಯೂನಿಕ್ಕಿನಲ್ಲಿ ಅವನು ದಂಗೆ ಎದ್ದದ್ದು ನಿಜ, ಆದರೆ ಸೋತು ಜೈಲಿಗೆ ಹೋದ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ನೂರಕ್ಕೆ 2.6 ಮತ. 1932ರ ಜುಲೈನಲ್ಲಿ 37.3ಕ್ಕೆ ಏರಿದ್ದು ನಿರುದ್ಯೋಗದ ಕಾಲದಲ್ಲಿ, ಬೆಲೆಗಳು ಏರುವ ಬದಲು ಇಳಿಯುತ್ತಿದ್ದಾಗ. ನಡುವೆ ಒಂಬತ್ತು ವರ್ಷ ಇದೆ. ಆದರೆ ಒಮ್ಮೆ ಮಾತು ತಪ್ಪಿದ ಗಣರಾಜ್ಯದ ಪರವಾಗಿ, ಎರಡನೇ ಸಲ ಕಷ್ಟ ಬಂದಾಗ, ಎದ್ದು ನಿಲ್ಲುವ ಮನಸ್ಸು ಆ ಮಧ್ಯಮ ವರ್ಗಕ್ಕೆ ಉಳಿದಿತ್ತೇ? ನನಗೆ ಅನುಮಾನ.

*

ನಮ್ಮ 'ಹುಚ್ಚು' ತುಘಲಕ್

ನೋಟು ಕೆಟ್ಟ ಕಥೆ ಹೇಳುವಾಗ ಕನ್ನಡದವರಿಗೆ ತುಘಲಕ್ ನೆನಪಾಗದೆ ಇರುತ್ತಾನೆಯೇ? 1964ರಲ್ಲಿ ಪ್ರಕಟವಾದ ಕಾರ್ನಾಡರ ನಾಟಕದಿಂದಾಗಿ ತಾಮ್ರದ ನಾಣ್ಯ ಅಂದರೆ ಹುಚ್ಚು ಸರ್ಕಾರಿ ಆಜ್ಞೆ ಅನ್ನುವ ಅರ್ಥ ನಮ್ಮಲ್ಲಿ ಊರಿಬಿಟ್ಟಿದೆ. ಸುಮಾರು 1330ರಲ್ಲಿ ಮಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯಗಳಿಗೆ ಬೆಳ್ಳಿಯ ಬೆಲೆ ಅಂತ ಸಾರಿದ. ಸುಲ್ತಾನನಿಗೆ ವಿಧೇಯನಾದವನು ದೇವರಿಗೂ ವಿಧೇಯ ಎಂಬರ್ಥದ ಮಾತನ್ನು ಅವುಗಳ ಮೇಲೆ ಮುದ್ರಿಸಿದ. ಆದರೆ ಖೋಟಾ ನಾಣ್ಯ ತಡೆಯುವ ಏರ್ಪಾಡಿರಲಿಲ್ಲ, ಮನೆಮನೆಯೂ ಟಂಕಸಾಲೆಯಾಯಿತು. ಎರಡು ಮೂರು ವರ್ಷದಲ್ಲಿ ಯೋಜನೆ ಮಣ್ಣುಪಾಲು.

ಇಲ್ಲಿ ತನಕ ಎಲ್ಲರಿಗೂ ಗೊತ್ತು. ಆಮೇಲೆ ಅವನು ಏನು ಮಾಡಿದ? ಆ ಕಾಲದಲ್ಲೇ ಇದ್ದ ಬರನಿ ಎಂಬ ಇತಿಹಾಸಕಾರ ಬರೆದಿರುವ ಪ್ರಕಾರ, ತಾಮ್ರದ ನಾಣ್ಯವನ್ನು ಖಜಾನೆಗೆ ತಂದುಕೊಟ್ಟವರಿಗೆ ಬದಲಾಗಿ ಚಿನ್ನ, ಬೆಳ್ಳಿಯ ನಾಣ್ಯ ಕೊಟ್ಟ. ಖೋಟಾ ನಾಣ್ಯ ಎಷ್ಟೋ ಸೇರಿತ್ತು, ಆದರೂ. ವಾಪಸು ಬಂದ ತಾಮ್ರ ತುಘಲಕಾಬಾದಿನಲ್ಲಿ ಬೆಟ್ಟದಂತೆ ರಾಶಿ ಬಿದ್ದಿತ್ತಂತೆ.

ಅಂದರೆ ನಾವು ಹುಚ್ಚ ಅನ್ನುವ ಸುಲ್ತಾನ ತನ್ನ ಖಜಾನೆಯನ್ನು ಬರಿದು ಮಾಡಿಕೊಂಡಾದರೂ ಕೊಟ್ಟ ಮಾತು ಉಳಿಸಿಕೊಂಡ. ಓದು ಬರಹ ಬಲ್ಲ, ಪಾರ್ಲಿಮೆಂಟು, ಕೋರ್ಟು ಎಲ್ಲವೂ ಇದ್ದ ಆಧುನಿಕ ರಾಜ್ಯ ನೂರಕ್ಕೆ ಎರಡೂವರೆ ಕೊಟ್ಟಿತು. ತುಘಲಕ್ ಒಳ್ಳೆಯ ರಾಜ ಅಂತ ವಾದಿಸುತ್ತಿಲ್ಲ ಮಾರಾಯ್ರೇ. ಇಬ್ಬರಲ್ಲಿ ಯಾರ ನೋಟು ಕೆಟ್ಟದ್ದು ಅಂತ ಕೇಳುವಾಗ ಈ ಲೆಕ್ಕವನ್ನೂ ಸೇರಿಸಿ ಅಂತಷ್ಟೇ.

*

ಜರ್ಮನಿಯದ್ದೇ ಅತಿ ಕೆಟ್ಟದ್ದು ಅಂದುಕೊಂಡಿದ್ದೆ, ಅಲ್ಲವಂತೆ. 1946ರ ಜುಲೈನಲ್ಲಿ ಹಂಗೇರಿಯಲ್ಲಿ ಬೆಲೆಗಳು ಸುಮಾರು ಹದಿನೈದು ಗಂಟೆಗೊಮ್ಮೆ ದ್ವಿಗುಣವಾಗುತ್ತಿದ್ದವು. 2008ರ ನವೆಂಬರಿನಲ್ಲಿ ಜಿಂಬಾಬ್ವೆಯಲ್ಲಿ ಹೆಚ್ಚುಕಡಿಮೆ ದಿನಕ್ಕೊಮ್ಮೆ. 2009ರ ಜನವರಿಯಲ್ಲಿ ಅಲ್ಲಿ ಬಂದ ನೋಟಿನಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆ. 2015ರಲ್ಲಿ ಆ ಹಳೇ ಡಾಲರನ್ನು ರದ್ದು ಮಾಡುವಾಗ, ಖಾತೆಯಲ್ಲಿ 175ರ ಮುಂದೆ ಹದಿನೈದು ಸೊನ್ನೆಯಷ್ಟು ದುಡ್ಡಿದ್ದವರ ತನಕ ಎಲ್ಲರಿಗೂ ಸಿಕ್ಕಿದ್ದು ತಲಾ ಐದು ಅಮೆರಿಕನ್ ಡಾಲರ್. ಇನ್ನೊಂದು ವಿಷಯ ಗೊತ್ತಾ? 2008ರ ಜುಲೈ ತನಕ ಜಿಂಬಾಬ್ವೆಗೆ ನೋಟಿನ ಕಾಗದ ಕಳಿಸುತ್ತಿದ್ದದ್ದು ಜರ್ಮನಿಯ ಮ್ಯೂನಿಕ್ಕಿನ ಕಂಪನಿ. ಜರ್ಮನ್ ಸರ್ಕಾರ ಕೇಳಿಕೊಂಡ ಮೇಲೆ ನಿಲ್ಲಿಸಿತು.

ನಮ್ಮಲ್ಲಿ ಇಂಥದ್ದು ಆಗಿಲ್ಲ. ಆದರೆ ನಿಧಾನವಾಗಿ ಆಗುವುದೂ ಆಗುವುದೇ. ನಮ್ಮಜ್ಜ ಅರವತ್ತರ ದಶಕದಲ್ಲಿ ಐದು ಸಾವಿರ ರೂಪಾಯಿಯ ಒಂದು ವಿಮೆ ಮಾಡಿಸಿದ್ದರು. ಆಗ ಅದರಲ್ಲಿ ಊರಲ್ಲೊಂದು ಹಂಚಿನ ಮನೆ ಏಳುತ್ತಿತ್ತಂತೆ. ಇಪ್ಪತ್ತೈದು ವರ್ಷ ತಪ್ಪದೆ ಕಂತು ಕಟ್ಟಿದರು. ಕೊನೆಗೆ ಚೆಕ್ಕು ಬಂದಾಗ ಅದರಲ್ಲಿ ಮನೆಗೆ ಸುಣ್ಣ ಬಣ್ಣ ಮಾಡಿಸಿ, ಅಜ್ಜಿಗೆ ಒಂದು ಸೀರೆ ತಂದರು. ಬೇಸರವೇನೂ ಪಟ್ಟುಕೊಳ್ಳಲಿಲ್ಲ, "ದುಡ್ಡು ಬಂತಲ್ಲ, ಮೋಸ ಆಗ್ಲಿಲ್ಲ" ಅಂದರು. ಮೋಸವಂತೂ ಆಗಿರಲಿಲ್ಲ. ಅವರಿಗೆ ಸಿಕ್ಕಿದ್ದು ಬೆಲೆ ತುಸು ತುಸುವೇ ಸವೆದ ರೂಪಾಯಿ. ಆ ಜರ್ಮನ್ ಮುದುಕರಿಗೆ ಅದೂ ಸಿಗಲಿಲ್ಲ.

ಇದನ್ನು ಬರೆಯುವ ಮುಂಚೆ ಜೇಬಿನಿಂದ ಒಂದು ನೂರರ ನೋಟು ತೆಗೆದು ಆ ಜರ್ಮನ್ ನೋಟಿನ ಪಕ್ಕದಲ್ಲಿಟ್ಟೆ. ನಮ್ಮ ನೋಟಿನ ಹಿಂದೆ ಬೇರೆ ಭಾಷೆಗಳ ಜೊತೆ ಕನ್ನಡದಲ್ಲೂ ನೂರು ರೂಪಾಯಿ ಅಂತಿದೆ. ಮುಂದೆ, ಇದನ್ನು ತಂದವರಿಗೆ ನೂರು ರೂಪಾಯಿ ಕೊಡುವುದಾಗಿ ಮಾತು ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ ಇದೆ. ಎಷ್ಟು ವರ್ಷದಿಂದ ಕೈಯಲ್ಲಿ ಆಡುತ್ತಿದ್ದರೂ ಆ ಸಾಲನ್ನು ನಿಧಾನವಾಗಿ ಓದಿದ್ದು ಇದೇ ಮೊದಲು. ಜರ್ಮನ್ ನೋಟಿನಲ್ಲೂ ಅಂಥದ್ದೇ ಒಂದು ಸಾಲಿದೆ, ನೋಟು ತಂದವರಿಗೆ ಸಾವಿರ ಮಾರ್ಕ್ ಕೊಡುತ್ತೇವೆ ಅಂತ. ಕೆಳಗೆ ಸಾಲಾಗಿ ಅಧಿಕಾರಿಗಳ ಸಹಿ.

ಆ ಮಾತಿನ ಮೇಲೆಯೇ ಹಾದುಹೋಗಿದೆ ಕೆಂಪು ಮುದ್ರೆ.

ನಿಮ್ಮ ಮನೆಯ ಹಳೇ ಟ್ರಂಕುಗಳಲ್ಲೂ ಹೀಗೆ ಅರ್ಥ ಕಳೆದುಕೊಂಡ ನೋಟೋ, ಬಾಂಡೋ, ಪಾಸ್‌ಬುಕ್ಕೋ ಇದ್ದೇ ಇರುತ್ತದೆ. ಇದ್ದರೆ ಅದರ ಕಥೆಯನ್ನು ನೀವೂ ಬರೆಯಿರಿ, ಓದುವ ಆಸೆಯಿದೆ.